ಫ್ರೆಕಲ್ಟನ್ ಗ್ರಾಮದ ದುರಂತ

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಗೆದ್ದ ನಗರಗಳನ್ನೂ ಉರುಳಿದ ಕೋಟೆಗಳನ್ನೂ ಎಣಿಸುತ್ತಾರೆ. ಶತ್ರುವಿನ ಕೈ ಸೋಕದೆಯೇ ಯುದ್ಧಕ್ಕೆ ಬಲಿಯಾದ ಊರುಗಳ ಪ್ರಸ್ತಾಪ ಅಲ್ಲಿ ವಿರಳ. ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಫ್ರೆಕಲ್ಟನ್ ಅಂತಹ ಒಂದು ಗ್ರಾಮ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದರ ನೆರೆಯ ವಾರ್ಟನ್ನಿನಲ್ಲಿ ಅಮೆರಿಕದ ಸೇನಾ ವಾಯುಪಡೆಯ ಬೃಹತ್ ದುರಸ್ತಿ ನೆಲೆಯಿತ್ತು. ಅಲ್ಲಿ ಸಿದ್ಧವಾದ ವಿಮಾನಗಳನ್ನು ಮೊದಲು ಹಾರಿಸಿ ಪರೀಕ್ಷಿಸುವುದು ವಾಡಿಕೆ. 1944ರ ಆಗಸ್ಟ್ 23ರ ಬೆಳಿಗ್ಗೆ ಎರಡು ಬಿ-24 ಲಿಬರೇಟರ್ ಬಾಂಬರುಗಳು ಹೀಗೆ ಮೇಲೇರಿದವು. ಸ್ವಲ್ಪ ಹೊತ್ತಿನಲ್ಲಿಯೇ ಭೀಕರವಾದ ಗುಡುಗುಮಳೆ ಕವಿಯಿತು. ಹಿಂದಿರುಗುವಂತೆ ನೆಲೆಯಿಂದ ಆಜ್ಞೆ ಹೋಯಿತು. ಒಂದು ವಿಮಾನ ಬಿರುಗಾಳಿಯಿಂದ ದೂರ ಸರಿದು ಪಾರಾಯಿತು. ಮತ್ತೊಂದು ಇಳಿಯಲು ಯತ್ನಿಸುವಾಗ ರೆಕ್ಕೆ ಮರದ ತುದಿಗೆ ತಗುಲಿ, ಮನೆಗಳನ್ನೂ ಒಂದು ಉಪಾಹಾರಗೃಹವನ್ನೂ ಕೆಡವಿತು. ಅದರ ಭಾಗವೊಂದು ಪವಿತ್ರ ತ್ರಿತ್ವದ ಹೆಸರಿನ ಆಂಗ್ಲಿಕನ್ ಶಾಲೆಯ ಶಿಶುವರ್ಗಕ್ಕೆ ಅಪ್ಪಳಿಸಿತು. ಹರಿದ ಇಂಧನ ಕ್ಷಣಮಾತ್ರದಲ್ಲಿ ಬೆಂಕಿಯಾಯಿತು. ತರಗತಿಯ ಗಡಿಯಾರ 10 ಗಂಟೆ 47 ನಿಮಿಷಕ್ಕೆ ನಿಂತುಹೋಯಿತು. ಒಟ್ಟು 61 ಮಂದಿ ಮೃತರಾದರು. ಅವರಲ್ಲಿ 38 ಮಂದಿ ಶಾಲೆಯ ಮಕ್ಕಳು. ವಿಮಾನದಲ್ಲಿದ್ದ ಮೂವರೂ ಉಳಿಯಲಿಲ್ಲ.

ವಿಚಾರಣೆ ನಡೆಸಿದವರಿಗೆ ನಿಖರವಾದ ಕಾರಣ ದೊರೆಯಲಿಲ್ಲ. ಬಿರುಗಾಳಿಯ ಅಪಾಯ ಚಾಲಕನಿಗೆ ಪೂರ್ಣವಾಗಿ ಮನವರಿಕೆಯಾಗುವ ವೇಳೆಗೆ, ತಪ್ಪಿಸಿಕೊಳ್ಳುವಷ್ಟು ಎತ್ತರವೂ ವೇಗವೂ ವಿಮಾನಕ್ಕೆ ಉಳಿದಿರಲಿಲ್ಲವೆಂದು ಅವರು ಅಭಿಪ್ರಾಯಪಟ್ಟರು. ತರಬೇತಿ ಪಡೆಯುವ ಅಮೆರಿಕನ್ ಚಾಲಕರಿಗೆ ಬ್ರಿಟನ್ನಿನ ಗುಡುಗುಮಳೆಯ ಅಪಾಯವನ್ನು ಒತ್ತಿ ಹೇಳಬೇಕೆಂದು ಶಿಫಾರಸು ಮಾಡಿದರು. ಆ ಪಾಠ ಕಲಿಯುವ ಹೊತ್ತಿಗೆ ಒಂದು ಗ್ರಾಮದ ಎಳೆಯ ತಲೆಮಾರೇ ಅಳಿದುಹೋಗಿತ್ತು.

ಮಡಿದ ಮಕ್ಕಳಲ್ಲಿ ಬಹುಮಂದಿಯನ್ನು ದೇವಾಲಯದ ಅಂಗಳದಲ್ಲಿ ಒಂದೇ ಸಮಾಧಿಯಲ್ಲಿ ಇರಿಸಲಾಯಿತು. ಆ ಪುಟ್ಟ ಶವಪೆಟ್ಟಿಗೆಗಳಿಗೆ ಹೆಗಲು ಕೊಟ್ಟವರು ಅದೇ ನೆಲೆಯ ಅಮೆರಿಕನ್ ಯೋಧರು. ಮರುವರ್ಷ, 1945ರ ಆಗಸ್ಟಿನಲ್ಲಿ, ಅವರು ತಾವೇ ಹಣ ಕೂಡಿಸಿ, ಊರಿನ ಮಕ್ಕಳಿಗೆ ಆಟದ ಮೈದಾನವೊಂದನ್ನು ನಿರ್ಮಿಸಿ ಒಪ್ಪಿಸಿದರು. ಸ್ಮಾರಕ ಭವನ ಬಾಗಿಲು ತೆರೆದದ್ದು 1977ರಲ್ಲಿ.

ಮೈದಾನದ ಸ್ಮಾರಕ ಶಿಲೆ ಆ ಯೋಧರನ್ನು ರಕ್ಷಕರೆಂದೂ ಕರೆಯುವುದಿಲ್ಲ, ಪರದೇಶೀಯರೆಂದೂ ಕರೆಯುವುದಿಲ್ಲ, ನೆರೆಯವರೆಂದು ಕರೆಯುತ್ತದೆ. ನಷ್ಟ ಇಬ್ಬರಿಗೂ ಸೇರಿದ್ದೆಂದು ಹೇಳುತ್ತದೆ. ‘ನನ್ನ ನೆರೆಯವನು ಯಾರು?’ ಎಂಬ ಹಳೆಯ ಪ್ರಶ್ನೆಯನ್ನು ಬಲ್ಲ ನಮಗೆ ಆ ಒಂದು ಪದದ ತೂಕವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.