ಕುದ್ಮುಲ್ ರಂಗರಾಯರ ಶಾಲೆ ನಡೆದ ಬಗೆ

ಕೆಲಸದ ಜಾಗದಲ್ಲಿ ಮೇಲಿನವರು ಹೇಗಿರಬೇಕು ಎಂಬ ಮಾತು ಬಂದಾಗಲೆಲ್ಲ ನಾವು ದೂರದ ಕಂಪನಿಗಳ ಮುಖ್ಯಸ್ಥರ ಉದಾಹರಣೆ ಕೊಡುತ್ತೇವೆ. ಮಂಗಳೂರಿನವರು ಅಷ್ಟು ದೂರ ಹೋಗಬೇಕಿಲ್ಲ. ಊರಿನ ಪುರಭವನಕ್ಕೆ ಇಟ್ಟಿರುವ ಹೆಸರು ಕುದ್ಮುಲ್ ರಂಗರಾವ್. ಅಲ್ಲಿಗೆ ಯಕ್ಷಗಾನ ನೋಡಲು ಹೋಗುವವರಲ್ಲಿ ಎಷ್ಟು ಮಂದಿಗೆ ಅವರು ಯಾರೆಂದು ಗೊತ್ತೋ!

1859ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ರಂಗರಾಯರು ಮಂಗಳೂರಿನಲ್ಲಿ ವಕೀಲರಾಗಿದ್ದರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು.

ಅಂದಿನ ಮಂಗಳೂರಿನಲ್ಲಿ ಇಂಥ ಶಾಲೆಗೆ ಮಾಸ್ತರರು ಸಿಗುವುದೇ ಕಷ್ಟ. ಆ ಮಕ್ಕಳ ಪಕ್ಕ ಕೂತು ಅಕ್ಷರ ತಿದ್ದಿಸಿದವನಿಗೆ ಸಂಬಳಕ್ಕಿಂತ ಮೊದಲು ಜಾತಿಯವರ ಸಿಟ್ಟು ಸಿಗುತ್ತಿತ್ತು. ಆ ಸಿಟ್ಟು ರಂಗರಾಯರ ಮನೆಗೇ ಮೊದಲು ಬಂದಿತ್ತು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಅವರು ಶಾಲೆ ಮುಚ್ಚಲಿಲ್ಲ. ತಾವು ತೆತ್ತ ಬೆಲೆಯನ್ನೇ ಕೆಳಗಿನವರಿಂದ ಕೇಳುವ ಯಜಮಾನನ ಮಾತಿಗೆ ತೂಕ ಬರುವುದು ಇಂಥಲ್ಲಿ ಎಂದು ನನಗನಿಸುತ್ತದೆ. ವಿಧವಾ ವಿವಾಹದ ವಿಷಯದಲ್ಲೂ ಹಾಗೆಯೇ. ಭಾಷಣ ಮಾಡಿ ಸುಮ್ಮನಾಗದೆ, ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದ ಮಗಳು ರಾಧಾಬಾಯಿಯನ್ನು ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರಿಗೆ ಕೊಟ್ಟು ಮದುವೆ ಮಾಡಿದರು. ಈ ಅಳಿಯ ಮುಂದೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ಮೊಮ್ಮಗ ಜನರಲ್ ಪಿ.ಪಿ. ಕುಮಾರಮಂಗಲಂ ಭೂಸೇನೆಯ ಮುಖ್ಯಸ್ಥರಾದರು.

ಆದರೆ ಧೈರ್ಯ ಒಂದರಿಂದಲೇ ಶಾಲೆ ನಡೆಯುವುದಿಲ್ಲ. ಕೂಲಿಗೆ ಹೋಗುವ ಮಗು ಶಾಲೆಗೆ ಬಂದರೆ ಮನೆಯ ಆ ದಿನದ ಗಂಜಿಗೆ ಕೊರತೆ. ರಂಗರಾಯರು ಇದನ್ನು ಲೆಕ್ಕಕ್ಕೆ ಹಿಡಿದರು. ಬಂದ ಮಕ್ಕಳಿಗೆ ಮಧ್ಯಾಹ್ನದ ಊಟ, ಕೈಗೆ ಪುಡಿಗಾಸು. ಅಕ್ಷರದ ಜೊತೆ ನೇಯ್ಗೆ, ಮರಗೆಲಸ ಕಲಿಸಿದರು, ಓದು ಮುಗಿದ ಮೇಲೆ ಹೊಟ್ಟೆಪಾಡಿಗೆ ದಾರಿ ಇರಲೆಂದು. ಮಕ್ಕಳು ಯಾಕೆ ಬರುತ್ತಿಲ್ಲ ಎಂದು ಗದರುವ ಮೇಲಧಿಕಾರಿಗಳು ಈಗಲೂ ಬೇಕಾದಷ್ಟಿದ್ದಾರೆ; ಯಾಕೆಂದು ಅವರ ಮನೆಗೆ ಹೋಗಿ ನೋಡುವವರು ಕಡಿಮೆ.

ಆರೋಗ್ಯ ಕೈಕೊಟ್ಟಾಗ ಅವರು ಮಿಷನ್ನಿನ ಆಡಳಿತವನ್ನು ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. ಕೊನೆಗೆ ಸನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ಊರಿನ ತೋಟಿಗಳೇ ನೆರವೇರಿಸಬೇಕೆಂದು ಮೊದಲೇ ಹೇಳಿಟ್ಟಿದ್ದರು. ಸಮಾಧಿ ಬಾಬುಗುಡ್ಡೆಯಲ್ಲಿದೆ.