ಮಕ್ಕಳ ಪ್ರಾಣಕ್ಕಾಗಿ ಬದಲಾದ ಬೀದಿಗಳು

ನಗರಗಳಲ್ಲಿ ಕಾರುಗಳ ಮೇಲಿನ ಅವಲಂಬನೆಯನ್ನು ತಗ್ಗಿಸಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಜಗತ್ತಿನ ರಾಷ್ಟ್ರಗಳು ಭೂಮಿಯ ಸರಾಸರಿ ತಾಪಮಾನದ ಏರಿಕೆಯನ್ನು 2 ಡಿಗ್ರಿ ಸೆಲ್ಸಿಯಸ್‌ಗಿಂತ ಸಾಕಷ್ಟು ಕೆಳಗೆ ತಡೆಯಲು, ಸಾಧ್ಯವಾದರೆ 1.5 ಡಿಗ್ರಿಗೆ ಮಿತಿಗೊಳಿಸಲು ಸಂಕಲ್ಪ ಮಾಡಿದವು. ಇಂಧನ ದಹನದಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಸಾರಿಗೆಯದು. ಅದರಲ್ಲಿಯೂ ಬಹುಭಾಗ ರಸ್ತೆವಾಹನಗಳದು. ಆದರೆ ಮನುಷ್ಯನು ಇಂದಿನ ಅನುಕೂಲವನ್ನು ಕಣ್ಣಿಗೆ ಕಾಣದ ನಾಳೆಗಾಗಿ ಬಿಟ್ಟುಕೊಡುವನೇ ಎಂಬ ಸಂಶಯ ಸಹಜವಾದುದು. ಈ ಸಂಶಯಕ್ಕೆ ನೆದರ್ಲ್ಯಾಂಡ್ಸ್ ದೇಶದ ಇತಿಹಾಸದಲ್ಲಿ ವಿಚಾರಯೋಗ್ಯವಾದ ಉತ್ತರವೊಂದು ದೊರೆಯುತ್ತದೆ.

ಆ ದೇಶದವರು ಹುಟ್ಟಿನಿಂದಲೇ ಸೈಕಲ್‌ಪ್ರಿಯರು, ಅವರ ಮಾದರಿ ಇತರರಿಗೆ ಹೊಂದದು ಎಂದು ಹೇಳುವುದುಂಟು. ಇದು ಅರ್ಧಸತ್ಯ. ಎರಡನೆಯ ಮಹಾಯುದ್ಧಕ್ಕೆ ಮೊದಲು ಸೈಕಲ್ಲು ಅಲ್ಲಿಯ ಜನಸಾಮಾನ್ಯರ ವಾಹನವಾಗಿತ್ತೆಂಬುದು ನಿಜ. ಆದರೆ ಯುದ್ಧಾನಂತರ ಸಂಪತ್ತು ಬೆಳೆದಂತೆ ಕಾರು ಮನೆಮನೆಗೆ ಬಂದಿತು. ಕಾರಿಗೆ ದಾರಿ ಮಾಡಿಕೊಡಲು ಹಳೆಯ ಕಟ್ಟಡಗಳನ್ನು ಕೆಡವಲಾಯಿತು. ಆಮ್‌ಸ್ಟರ್‌ಡ್ಯಾಮಿನ ಪ್ರಸಿದ್ಧ ಕಾಲುವೆಗಳನ್ನೇ ಮುಚ್ಚಿ ರಸ್ತೆ ಮಾಡಬೇಕೆಂದು 1954ರಲ್ಲಿ ಅಲ್ಲಿಯ ಪೊಲೀಸ್ ಮುಖ್ಯಾಧಿಕಾರಿ ಕಾಸ್‌ಯಾಗರ್ ಸೂಚಿಸಿದರು. ಜನರ ವಿರೋಧದಿಂದ ಅದು ನಡೆಯಲಿಲ್ಲ. ಉಟ್ರೆಕ್ಟ್ ನಗರದಲ್ಲಿ ಮಾತ್ರ ಪುರಾತನ ಕಂದಕದ ಒಂದು ಭಾಗವನ್ನು ಬರಿದುಮಾಡಿ, ಅದರ ತಳದಲ್ಲಿ ಮೋಟಾರು ಹೆದ್ದಾರಿಯನ್ನು ನಿರ್ಮಿಸಿಯೇಬಿಟ್ಟರು.

ಈ ಪ್ರಗತಿಗೆ ತೆತ್ತ ಬೆಲೆ ಅತಿ ದಾರುಣವಾಗಿತ್ತು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನರು ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಶಾಲೆಗೆ ಹೊರಟ ಮಗು ಸಂಜೆ ಮನೆಗೆ ಮರಳುವುದೆಂಬ ಭರವಸೆ ತಾಯ್ತಂದೆಯರಿಗೆ ಉಳಿಯಲಿಲ್ಲ.

ತನ್ನ ಮಗಳನ್ನು ಹೀಗೆ ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹೋಫ್ 1972ರಲ್ಲಿ ‘ದ ಟೈಡ್’ ಎಂಬ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದನು. ‘ಮಕ್ಕಳ ಹತ್ಯೆಯನ್ನು ನಿಲ್ಲಿಸಿ’ ಎಂಬುದು ಅದರ ಶೀರ್ಷಿಕೆ. ಅದೇ ಹೆಸರಿನಲ್ಲಿ ಒಂದು ಚಳವಳಿಯೂ ಹುಟ್ಟಿತು. ಮುಂದೆ ಯುರೋಪಿನ ಸಂಸತ್ತಿನ ಸದಸ್ಯೆಯಾದ ಮಾರ್ಟ್ಯ ಫಾನ್ ಪುಟ್ಟನ್ ಅದರ ಪ್ರಥಮ ಅಧ್ಯಕ್ಷೆ. ತಾಯಂದಿರು ಮಕ್ಕಳೊಡನೆ ಬೀದಿಗಿಳಿದರು. ಅಪಘಾತ ನಡೆದ ಸ್ಥಳಗಳಲ್ಲಿ ಕುಳಿತರು. ಬೀದಿಗಳನ್ನು ವಾಹನಗಳಿಗೆ ಮುಚ್ಚಿ ಮಕ್ಕಳ ಆಟಕ್ಕೆ ತೆರೆದರು.

ಇಲ್ಲಿ ‘ಹತ್ಯೆ’ ಎಂಬ ಶಬ್ದವು ಗಮನಾರ್ಹವಾದುದು. ‘ಅಪಘಾತ’ ಎಂದೊಡನೆ ಯಾರೂ ಹೊಣೆಗಾರರಲ್ಲವೆಂಬ ಸಮಾಧಾನ ಮನಸ್ಸಿಗೆ ಬರುತ್ತದೆ. ವಿಧಿ ಹಾಗಿತ್ತು, ಮಗು ಎಚ್ಚರ ತಪ್ಪಿತು, ಚಾಲಕನಿಗೆ ಕಾಣಿಸಲಿಲ್ಲ ಎಂದು ಹೇಳಿ ಮುಂದೆ ಸಾಗುತ್ತೇವೆ. ಆದರೆ ಪ್ರತಿವರ್ಷ ಇಷ್ಟು ಮಕ್ಕಳು ಸಾಯುವರೆಂದು ತಿಳಿದೂ ಬೀದಿಯ ವ್ಯವಸ್ಥೆಯನ್ನು ಹಾಗೆಯೇ ಬಿಟ್ಟರೆ ಅದು ಆಕಸ್ಮಿಕವೆನಿಸಲಾರದು. ಕೊಲ್ಲುವ ಇಚ್ಛೆ ಯಾರಲ್ಲಿಯೂ ಇಲ್ಲದಿದ್ದರೂ ಪ್ರಮಾದದ ಹೊಣೆ ಸಮಾಜದ ಮೇಲೆಯೇ ಬೀಳುತ್ತದೆ. ಆ ತಾಯಂದಿರು ದೇಶದ ಮುಂದಿಟ್ಟ ನೈತಿಕ ಪ್ರಶ್ನೆ ಇದೇ ಆಗಿತ್ತು.

ಅಷ್ಟರಲ್ಲಿ ಕಾಲವೂ ಅನುಕೂಲಿಸಿತು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲದ ಸರಬರಾಜನ್ನು ನಿರ್ಬಂಧಿಸಿದವು. ಪ್ರಧಾನಿ ಯೋಪ್ ಡೆನ್ ಔಲ್ ಅವರ ಸರಕಾರವು ನವೆಂಬರ್ 4ರಿಂದ ಮುಂದಿನ ಜನವರಿ 6ರವರೆಗೆ ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿತು. ಹೆದ್ದಾರಿಗಳಲ್ಲಿ ಜನರು ನಡೆದಾಡಿದರು, ಮಕ್ಕಳು ಆಡಿದರು. 1976ರಲ್ಲಿ, ಡೆಲ್ಫ್ಟ್ ನಗರದಲ್ಲಿ ಮೊದಲು ರೂಪುಗೊಂಡಿದ್ದ ‘ವಾಸಬೀದಿ’ಯ ಕಲ್ಪನೆಗೆ ಕಾನೂನಿನ ಮಾನ್ಯತೆ ದೊರೆಯಿತು. ಅಂತಹ ಬೀದಿಯಲ್ಲಿ ಕಾರು ಕಾಲ್ನಡಿಗೆಯ ವೇಗಕ್ಕೆ ಇಳಿಯಬೇಕು. ಪ್ರಾಶಸ್ತ್ಯ ನಡೆಯುವವನಿಗೆ, ಆಡುವ ಮಗುವಿಗೆ.

ಗ್ರೋನಿಂಗನ್ ನಗರದ ನಿದರ್ಶನವಂತೂ ವ್ಯಾಪಾರಸ್ಥರು ವಿಶೇಷವಾಗಿ ಮನನ ಮಾಡತಕ್ಕುದು. ನಗರಾಡಳಿತದ ತರುಣ ಸದಸ್ಯ ಮ್ಯಾಕ್ಸ್ ಫಾನ್ ಡೆನ್ ಬೆರ್ಗ್ ಅವರ ನೇತೃತ್ವದಲ್ಲಿ 1977ರ ಸೆಪ್ಟೆಂಬರಿನಲ್ಲಿ ಅಲ್ಲಿ ಹೊಸ ಸಂಚಾರ ಯೋಜನೆಯು ಜಾರಿಗೆ ಬಂದಿತು. ನಗರದ ಮಧ್ಯಭಾಗವನ್ನು ನಾಲ್ಕು ವಿಭಾಗಗಳನ್ನಾಗಿ ಮಾಡಲಾಯಿತು. ಕಾರಿನವನು ಯಾವ ವಿಭಾಗಕ್ಕಾದರೂ ಬರಬಹುದು. ಆದರೆ ಒಂದರಿಂದ ಇನ್ನೊಂದಕ್ಕೆ ನೇರವಾಗಿ ದಾಟುವಂತಿಲ್ಲ, ಹೊರವರ್ತುಲ ರಸ್ತೆಗೆ ಹೋಗಿ ಸುತ್ತಿಬರಬೇಕು. ನಡೆಯುವವನಿಗೆ, ಸೈಕಲ್ಲಿನವನಿಗೆ ದಾರಿ ನೇರ. ಕಾರನ್ನು ನಿಷೇಧಿಸದೆಯೇ ಸಣ್ಣ ದೂರಕ್ಕೆ ಅದನ್ನು ಬಳಸುವುದು ಅನನುಕೂಲವೆನಿಸುವಂತೆ ಮಾಡಿದ ಉಪಾಯವಿದು.

ಅಂಗಡಿಕಾರರು ಇದನ್ನು ಬಲವಾಗಿ ವಿರೋಧಿಸಿದರು. ಅವರ ಭಯವನ್ನು ಹಗುರವಾಗಿ ಕಾಣಲಾಗದು. ಗ್ರಾಹಕನ ವಾಹನ ಅಂಗಡಿಯ ಮುಂದೆ ನಿಲ್ಲದಿದ್ದರೆ ಗಿರಾಕಿಯೇ ಬೇರೆ ಊರಿಗೆ ಹೋದಾನು, ಬಾಡಿಗೆ, ಸಂಬಳ, ಬಡ್ಡಿಗಳು ಮಾತ್ರ ನಿಲ್ಲವು ಎಂಬುದು ಎಲ್ಲ ಊರುಗಳ ವರ್ತಕರ ಚಿಂತೆ. ಆದರೆ ಗ್ರೋನಿಂಗನ್ ಬರಿದಾಗಲಿಲ್ಲ. ಇಂದಿಗೂ ಅದು ಆ ಪ್ರಾಂತ್ಯದ ಪ್ರಧಾನ ವ್ಯಾಪಾರಕೇಂದ್ರ. ನಗರದೊಳಗಿನ ಸಂಚಾರದಲ್ಲಿ ಅರ್ಧಕ್ಕೂ ಹೆಚ್ಚು ಸೈಕಲ್ಲಿನ ಮೇಲೆಯೇ ನಡೆಯುತ್ತದೆ. ಹಾಗೆಂದು ಪ್ರತಿ ಹೆಜ್ಜೆಗೂ ಸರ್ವಸಮ್ಮತಿ ಇತ್ತೆಂದು ಭಾವಿಸಲಾಗದು. ಅಲ್ಲಿಯ ನೋರ್ಡರ್‌ಪ್ಲಾಂಟ್‌ಸೂನ್ ಉದ್ಯಾನದೊಳಗಿನ ರಸ್ತೆಯನ್ನು ಕಾರುಗಳಿಗೆ ಮುಚ್ಚುವ ಪ್ರಶ್ನೆ 1994ರಲ್ಲಿ ಜನಮತಕ್ಕೆ ಬಂದಾಗ ಮುಚ್ಚಬೇಕೆಂಬ ಪಕ್ಷ ಗೆದ್ದದ್ದು ಅತ್ಯಲ್ಪ ಅಂತರದಿಂದ.

ಫಲವನ್ನು ಲೆಕ್ಕದಿಂದಲೂ ನೋಡೋಣ. 2023ರಲ್ಲಿ ನೆದರ್ಲ್ಯಾಂಡ್ಸಿನ ರಸ್ತೆಗಳಲ್ಲಿ ಸತ್ತವರು 684 ಮಂದಿ. 1971ರ ಸಂಖ್ಯೆಯ ಐದನೆಯ ಒಂದು ಪಾಲು ಮಾತ್ರ. ವಾಹನಗಳ ಸುಧಾರಣೆ, ಕಾನೂನು, ವೈದ್ಯಕೀಯಗಳಿಗೂ ಇದರಲ್ಲಿ ಪಾಲುಂಟು. ದೇಶದ ಒಟ್ಟು ಪ್ರಯಾಣಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಸೈಕಲ್ಲಿನಲ್ಲಿ ನಡೆಯುತ್ತವೆ. ಉಟ್ರೆಕ್ಟಿನಲ್ಲಿ ಹೆದ್ದಾರಿಯನ್ನು ತೆಗೆದು 2020ರಲ್ಲಿ ಕಂದಕಕ್ಕೆ ಮತ್ತೆ ನೀರು ಹರಿಸಿದರು. ಆದರೆ ಇನ್ನೊಂದು ಮುಖವನ್ನೂ ಮರೆಮಾಡಬಾರದು. ಸುಮಾರು 1 ಕೋಟಿ 80 ಲಕ್ಷ ಜನರ ಆ ದೇಶದಲ್ಲಿ ಈಗಲೂ 90 ಲಕ್ಷದಷ್ಟು ಕಾರುಗಳಿವೆ. ದೂರದ ಪ್ರಯಾಣಕ್ಕೆ ಕಾರೇ ಮುಂದು. ಹವಾಮಾನದ ಗುರಿಗೆ ಅವರೂ ಇನ್ನೂ ಬಹುದೂರ ಸಾಗಬೇಕಾಗಿದೆ.

ಆ ತಾಯಂದಿರ ಮುಂದೆ ಹವಾಮಾನದ ಗುರಿ ಇರಲಿಲ್ಲ. ತಮ್ಮ ಬೀದಿಯ ಮಗು ಬದುಕಬೇಕೆಂಬುದಷ್ಟೇ ಅವರ ಕೋರಿಕೆ. ಆ ಜೀವದಯೆಗೆ ನಗರಾಡಳಿತದ ದೃಢನಿರ್ಧಾರ ಬೆಂಬಲವಾಗಿ ನಿಂತುದರಿಂದ, ಸಣ್ಣ ದೂರಕ್ಕೆ ಇಂಧನ ಸುಡುವ ಅಗತ್ಯವೇ ಇಲ್ಲದ ನಗರಗಳು ಮುಂದಿನ ಪೀಳಿಗೆಗೆ ಲಭಿಸಿದವು. ಕಾರು ಬಿಡಿರೆಂದು ಒಬ್ಬೊಬ್ಬರಿಗೂ ಉಪದೇಶಿಸಿದ್ದರೆ ಇದು ಆಗುತ್ತಿರಲಿಲ್ಲ. ಬಿಡುವುದು ಸುಲಭವಾಗುವಂತೆ ಬೀದಿಯನ್ನೇ ತಿದ್ದಿದ್ದರಿಂದ ಆಯಿತು. ಆದುದರಿಂದ ನಮ್ಮ ನಗರಗಳ ಚಿಂತನೆಯಲ್ಲಿ ಎಷ್ಟು ವಾಹನಗಳು ಎಷ್ಟು ವೇಗವಾಗಿ ಹೋಗಬಲ್ಲವು ಎಂಬ ಪ್ರಶ್ನೆಗಿಂತ ಮೊದಲು, ಎಂಟು ವರ್ಷದ ಮಗುವೊಂದು ತಾನೊಂದೇ ಈ ಬೀದಿಯನ್ನು ದಾಟಬಲ್ಲುದೇ ಎಂಬ ಪ್ರಶ್ನೆಯನ್ನು ಕೇಳುವುದು ಯುಕ್ತ.