ಸಮಾನತೆಯ ದಾರಿ: ಮೈಸೂರಿನಿಂದ ನಮ್ಮ ಸಂಘದವರೆಗೆ



ನಮ್ಮ ವಾರ್ಷಿಕ ಮಹಾಸಭೆಯಲ್ಲಿ ಒಂದು ಪ್ರಶ್ನೆ ಆಗಾಗ ಏಳುತ್ತದೆ: "ಎಲ್ರಿಗೂ ಒಂದೇ ಕಾನೂನು ಅಂದ್ಮೇಲೆ ಆಡಳಿತ ಮಂಡಳಿಯಲ್ಲಿ ಕೆಲವರಿಗೆ ಮೀಸಲು ಸ್ಥಾನ ಯಾಕ್ರಪ್ಪ?" ಪ್ರಶ್ನೆ ತಪ್ಪಲ್ಲ. ಉತ್ತರಕ್ಕೆ ನಮ್ಮ ಹಳೇ ಮೈಸೂರಿನ ಚರಿತ್ರೆಯನ್ನೇ ನೋಡಬೇಕು.

ಚಾಮರಾಜನಗರ, ಗುಂಡ್ಲುಪೇಟೆ ಸೀಮೆ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಹೆಚ್ಚಿದ್ದು, ಉಳಿದವರು ಹಿಂದೆ ಬಿದ್ದಿದ್ದರು. ಇದನ್ನು ಸರಿಪಡಿಸಲು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸಂವಿಧಾನ ಬರುವುದಕ್ಕೆ 32 ವರ್ಷ ಮೊದಲಿನ ಮಾತಿದು!

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 14ನೇ ವಿಧಿ, ಕಾನೂನಿನ ಮುಂದೆ ಎಲ್ಲರೂ ಸಮಾನರು, ಕಾನೂನಿನ ರಕ್ಷಣೆಯೂ ಸಮಾನ ಎಂದು ಸಾರಿತು. 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಆದರೆ 1951ರಲ್ಲಿ ಮದರಾಸಿನ ಜಾತಿವಾರು ಕಾಲೇಜು ಸೀಟು ಹಂಚಿಕೆಯನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಅದೇ ವರ್ಷ ಪಾರ್ಲಿಮೆಂಟು ಮೊದಲ ತಿದ್ದುಪಡಿಯಲ್ಲಿ 15(4)ನೇ ವಿಧಿ ಸೇರಿಸಿ, ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡಬಹುದು ಎಂದಿತು.

ಆಮೇಲಿನ ದೊಡ್ಡ ಮೊಕದ್ದಮೆ ನಮ್ಮ ರಾಜ್ಯದ್ದೇ. 1962ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68ರಷ್ಟನ್ನು ಮೀಸಲಿಟ್ಟಿತು. ಬಾಲಾಜಿ ಪ್ರಕರಣವೆಂದೇ ಹೆಸರಾದ ದಾವೆಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ವಜಾ ಮಾಡಿತು. ಜಾತಿಯೊಂದೇ ಹಿಂದುಳಿದಿರುವಿಕೆಗೆ ಅಳತೆಗೋಲಾಗದು, ಮೀಸಲಾತಿ ಸಾಮಾನ್ಯವಾಗಿ ಶೇ. 50ಕ್ಕಿಂತ ಕಡಿಮೆ ಇರಬೇಕು ಎಂದಿತು. 1992ರ ಮಂಡಲ್ ತೀರ್ಪಿನಲ್ಲೂ ಶೇ. 50ರ ಮಿತಿ ಉಳಿಯಿತು.

ಕೆರೆ ಬಯಲಿನ ರೈತರಿಗೆ ಇದು ತಿಳಿಯದ್ದೇನಲ್ಲ. ತೂಬಿನ ಪಕ್ಕದ ಗದ್ದೆಗೂ ಕೊನೇ ಗದ್ದೆಗೂ ಒಂದೇ ಹೊತ್ತು ನೀರು ಬಿಟ್ಟರೆ ಕೊನೇ ಗದ್ದೆ ಒಣಗುತ್ತೆ. ಹಾಗಂತ ನೀರೆಲ್ಲ ಅಲ್ಲಿಗೇ ಹರಿಸಿದರೆ ಮೇಲಿನವರ ಪೈರು ಹೋಗುತ್ತೆ. ಎರಡೂ ಗದ್ದೆ ನೆನೆಯಬೇಕು, ಅದೇ ನ್ಯಾಯ.

ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು 1972ರಲ್ಲಿ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾದರು. ನಮ್ಮ ತಾಲ್ಲೂಕಿಗೆ ಹೆಮ್ಮೆಯ ಸಂಗತಿ. ಆದರೆ ಅವರೊಬ್ಬರು ಏರಿದ ಮಾತ್ರಕ್ಕೆ ಊರೂರಿನ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲಿಲ್ಲ. ಅದಕ್ಕೇ ಸಹಕಾರ ಕಾಯ್ದೆ ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ ಸ್ಥಾನ ಕಾದಿರಿಸಿದೆ.

ಹತ್ತೆಕರೆಯವನಿಗೂ ಒಂದು ಓಟು, ಹತ್ತು ಗುಂಟೆಯವನಿಗೂ ಒಂದು ಓಟು ಎಂಬುದು ಸಹಕಾರದ ಮೂಲತತ್ವ. ಆದರೆ ಮೀಸಲು ಕುರ್ಚಿಯಲ್ಲಿ ಕೂತ ತಾಯಂದಿರ ರುಜು ಮಾತ್ರ ನಡಾವಳಿ ಪುಸ್ತಕಕ್ಕೆ ಬಂದು, ಮಾತು ಅವರ ಯಜಮಾನರದ್ದಾದರೆ ಏನು ಬಂತು? ಈ ಬೆಳ್ಳಿಹಬ್ಬದ ವರ್ಷದಿಂದಾದರೂ ಅವರ ಮಾತೇ ಪುಸ್ತಕಕ್ಕೆ ಏರಲಿ ಎಂದು ಕೋರುತ್ತೇನೆ.